ಅಳತೆಯ ಹುಡುಗಿ

ನನ್ನ ತಂಗಿಯದು ವಿಚಿತ್ರ ಕೆಲಸ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಸ ಮಾದರಿ ಹೊಲಿದಾಗಲೆಲ್ಲ ಮೊದಲು ಅವಳಿಗೆ ತೊಡಿಸಿ ನೋಡುತ್ತಾರೆ. ಅವಳ ಮೈಗೆ ಸರಿಯಾಗಿ ಕೂತರೆ ಅದೇ ಅಳತೆಯಲ್ಲಿ ಸಾವಿರಾರು ಉಡುಪು ತಯಾರಾಗುತ್ತವೆ. ಹಾಗಾಗಿ ಪ್ರತಿ ಸೋಮವಾರ ಹೊಲಿಗೆ ಮಾಸ್ಟರ್ ಟೇಪು ಹಿಡಿದು ಅವಳನ್ನೇ ಅಳೆಯುತ್ತಾರೆ. ಅರ್ಧ ಇಂಚು ಹೆಚ್ಚಿದರೆ, "ಏನಮ್ಮಾ ಕಡ್ಡಿ, ಕಂಬ ಆಗೋ ಪ್ಲಾನಾ?" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ.

ಮನೆಯಲ್ಲಿ ನಾನೂ ಕಡಿಮೆಯಿರಲಿಲ್ಲ. ಹೆರಿಗೆಯಾದ ಮೇಲೆ ನನ್ನ ಹಳೆಯ ಬಟ್ಟೆ ಒಂದೂ ಏರುತ್ತಿರಲಿಲ್ಲ. "ನಿಂಗೆ ಎಷ್ಟು ತಿಂದ್ರೂ ಮೈಗೆ ಹತ್ತಲ್ವಲ್ಲೇ, ಪುಣ್ಯವಂತೆ" ಎಂದು ಹೊಟ್ಟೆಕಿಚ್ಚುಪಡುತ್ತಿದ್ದೆ.

ಆಮೇಲೆ ಬ್ರೆಡ್ಡು, ಬಿಸ್ಕತ್ತು, ಕೊನೆಗೆ ಮಗುವಿನ ಹಾಲಿನ ಪುಡಿಯೂ ಖಾಲಿಯಾಗತೊಡಗಿತು. ಬಚ್ಚಲಿನಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಒಂದು ಸಂಜೆ ಕದ ತಟ್ಟಿದೆ. ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದಳು.

"ತಿಂದಿದ್ದೆಲ್ಲ ಕಕ್ಕಿಬಿಡ್ತೀನಿ ಅಕ್ಕಾ. ಎರಡು ವರ್ಷ ಆಯ್ತು."

ನಾನು ಮಾಡಿದ್ದೇನು? ಅಡುಗೆಮನೆಯ ಕಪಾಟಿಗೆ ಬೀಗ ಜಡಿದೆ.

ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿನ ಆಪ್ತಸಮಾಲೋಚಕಿ ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. "ಇದು ಬುಲಿಮಿಯಾ ಅಂತ ಕಾಯಿಲೆ, ಹೊಟ್ಟೆಬಾಕತನ ಅಲ್ಲಮ್ಮ. ಸೋಮವಾರದ ಭಯಕ್ಕೆ ಹಸ್ಕೊಂಡಿರ್ತಾಳೆ. ತಡೀಲಾರದೆ ಒಂದೇ ಸಲ ಸಿಕ್ಕಿದ್ದೆಲ್ಲ ತಿಂತಾಳೆ, ನಾಚಿಕೆಗೆ ಕಕ್ತಾಳೆ, ಮತ್ತೆ ಉಪವಾಸ. ನೀವು ಬೀಗ ಹಾಕಿದ್ದು ಆ ಉಪವಾಸಕ್ಕೇ ಸಹಾಯ ಆಯ್ತು."

ಹೊತ್ತುಹೊತ್ತಿಗೆ ಊಟ, ನಡುವೆ ತಿಂಡಿ, ತಿಂದ ಮೇಲೆ ಒಂದು ಗಂಟೆ ಪಕ್ಕದಲ್ಲಿ ಯಾರಾದರೂ ಇರಬೇಕು, ವಾರಕ್ಕೊಮ್ಮೆ ಮಾತುಕತೆ: ಇದೇ ಚಿಕಿತ್ಸೆ. ರಕ್ತಪರೀಕ್ಷೆ ನೋಡಿದ ಡಾಕ್ಟರು, ಹೀಗೇ ಬಿಟ್ಟರೆ ಹೃದಯಕ್ಕೆ ಅಪಾಯ ಎಂದರು. ಅಳತೆಯ ಕೆಲಸವನ್ನೂ ಬಿಡಬೇಕಂತೆ.

"ಈ ಅಳತೆ ಬಿಟ್ರೆ ನಾನ್ಯಾರು ಅಕ್ಕಾ?"

"ನನ್ನ ತಂಗಿ ಕಣೇ."

"ಅದಕ್ಕೆ ಯಾರು ಸಂಬಳ ಕೊಡ್ತಾರೆ?"

ಕೆಲಸ ಬಿಡದೆ ಆರು ವಾರ ದೂಡಿದಳು. ಊಟ ಮಾಡುತ್ತಿದ್ದಳು, ಆದರೆ ಭಾನುವಾರ ಬಂದರೆ ತಟ್ಟೆ ಮುಟ್ಟುತ್ತಿರಲಿಲ್ಲ.

ಇವತ್ತು ಸೋಮವಾರ. ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ ತಿಂದು, ನನ್ನ ಪಕ್ಕದಲ್ಲೇ ಕೂತು ಮಗುವಿನ ಬಟ್ಟೆ ಮಡಚಿದಳು. ಆಮೇಲೆ ಮಾಸ್ಟರಿಗೆ ಫೋನ್ ಮಾಡಿ, ಇನ್ನು ಬರುವುದಿಲ್ಲ ಎಂದಳು. ಆ ಕಡೆಯಿಂದ ಧ್ವನಿ ನನಗೂ ಕೇಳಿಸಿತು: "ಅಯ್ಯೋ! ನಿನ್ನ ಅಳತೆಯವಳು ಇನ್ನೊಬ್ಳು ಯಾರಾದ್ರೂ ಇದ್ರೆ ಕಳಿಸಮ್ಮ."

"ಯಾರೂ ಇಲ್ಲ ಸರ್" ಎಂದು ಫೋನಿಟ್ಟಳು.

ಮಧ್ಯಾಹ್ನದ ಊಟ ಹೊಟ್ಟೆಯಲ್ಲಿ ಉಳಿಯಲಿಲ್ಲ. ತಾನೇ ಬಂದು ಹೇಳಿದಳು. ಕಕ್ಕಿದ ದಿನವೂ ಮುಂದಿನ ಹೊತ್ತಿನ ಊಟತಿಂಡಿ ತಪ್ಪಿಸಬಾರದು ಎಂದು ಸಮಾಲೋಚಕಿ ಹೇಳಿದ್ದರು. ನಾಲ್ಕು ಗಂಟೆಗೆ ತಟ್ಟೆಯ ಮುಂದೆ ಇಬ್ಬರೂ ಮತ್ತೆ ಕೂತೆವು. ಅವಳಿಗೆ ಮೊದಲ ತುತ್ತು ಎತ್ತಲು ಬಹಳ ಹೊತ್ತು ಹಿಡಿಯಿತು.