ಹಿಂದಿನ ಸೀಟಿನಲ್ಲಿ ಯಾರೂ ಕೂರುವುದಿಲ್ಲ

ಸಗಿನ್ ನನ್ನ ಅಂಗಡಿಯ ಸಂಸಾವನ್ನು ನೇರವಾಗಿ ಕಚ್ಚಿ ತಿಂದದ್ದನ್ನು ಈ ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಮೊದಲು ಚಾಕುವಿನಿಂದ ನಡುವೆ ಸೀಳುತ್ತಾನೆ. ಒಳಗೆ ಮಾಂಸ ಎಷ್ಟು, ಈರುಳ್ಳಿ ಎಷ್ಟು ಎಂದು ಬೆರಳಲ್ಲಿ ಸರಿಸಿ ನೋಡುತ್ತಾನೆ. ಆಮೇಲೆ ಬಾಯಿಗಿಡುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. "ವಿಷ ಹಾಕಿಲ್ಲ ಕಣೋ, ತಿನ್ನು" ಎಂದರೆ, "ಹಾಕಿದ್ರೆ ನೀನು ಹೇಳ್ತಿದ್ಯಾ ಬಾತ್ಮಾ?" ಎನ್ನುತ್ತಾನೆ.

ಬಿಷ್ಕೆಕ್‌ನ ಮೋಟಾರು ಬಜಾರಿನಲ್ಲಿ ಅಲಾಯ್ ಚಕ್ರ ಮಾರುವವರ ಸಾಲು ಒಂದಿದೆ. ಎಲ್ಲರದೂ ಕಬ್ಬಿಣದ ಕಂಟೇನರ್ ಅಂಗಡಿಗಳೇ. ಅದರಲ್ಲಿ ಏಳನೆಯದು ಸಗಿನ್‌ನದು, ಎದುರಿಗೆ ನನ್ನ ತಂದೂರು. ಹಿಂದೆ ಅವನು ಬೇಸಾಯದ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ. ಕಾರ್ಖಾನೆ ಮುಚ್ಚಿದ ದಿನ ಉಳಿದವರು ತಾಮ್ರ, ತಂತಿ, ಮೋಟಾರು ಹೊತ್ತೊಯ್ದರೆ ಇವನು ಅಳತೆಯ ವರ್ನಿಯರ್ ಒಂದನ್ನು ಎದೆಯ ಜೇಬಿಗೆ ಸೇರಿಸಿಕೊಂಡು ಬಂದ. ಇವತ್ತಿಗೂ ಚಕ್ರದ ಒಳಮೈಯಲ್ಲಿ ಅಚ್ಚು ಹಾಕಿದ ಅಂಕಿಯನ್ನು ಅವನು ನಂಬುವುದಿಲ್ಲ. ಬೋಲ್ಟಿನ ತೂತುಗಳ ನಡುವಿನ ದೂರ, ನಡುವಿನ ದೊಡ್ಡ ತೂತು, ಅಗಲ, ಎಲ್ಲವನ್ನೂ ಸ್ವತಃ ಅಳೆಯುತ್ತಾನೆ. ಯಾರಾದರೂ ನಕ್ಕರೆ, "ಅಚ್ಚು ಹಾಕಿದವನು ನಿಮ್ಮ ಮಾವನಾ?" ಎಂದು ಕೇಳುತ್ತಾನೆ.

ನಮ್ಮಲ್ಲಿಗೆ ಬರುವ ಹುಡುಗರು ಹದಿನೈದು ವರ್ಷ ಹಳೆಯದಾದರೂ ಸರಿ, ಕರಿ ಬಣ್ಣದ ಜರ್ಮನ್ ಸೆಡಾನ್ ಇಟ್ಟುಕೊಂಡವರು. ಎಲ್ಲರಿಗೂ ಇಪ್ಪತ್ತು ಇಂಚಿನದೇ ಬೇಕು. ಟೈರು ರೊಟ್ಟಿಯ ಅಂಚಿನಷ್ಟು ತೆಳ್ಳಗಿರಬೇಕು, ಚಕ್ರ ಮಡ್‌ಗಾರ್ಡಿನ ಅಂಚಿಗೆ ಸಮನಾಗಿ ಹೊರಗೆ ಬರಬೇಕು. ಸಗಿನ್ ಒಂದೇ ಪ್ರಶ್ನೆ ಕೇಳುತ್ತಾನೆ: "ಹಿಂದೆ ಯಾರು ಕೂರ್ತಾರೆ?" "ಯಾರೂ ಇಲ್ಲ, ನಾನೊಬ್ಬನೇ" ಎಂದು ಅವರು ಹೇಳುತ್ತಾರೆ. ಇವನು ನನ್ನನ್ನು ಕೂಗುತ್ತಾನೆ.

ನಾನು ಕೈಯ ಹಿಟ್ಟು ಒರೆಸಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಬೇಕು. ಡಿಕ್ಕಿಯಲ್ಲಿ ನಟ್ಟು ಬೋಲ್ಟಿನ ಎರಡು ಚೀಲ. ಹಾಗೆ ತೂಕ ಬಿದ್ದು ಕಾರು ಕುಗ್ಗಿದ ಮೇಲೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅವನ ಮೂರು ಬೆರಳು ಹೋಗಬೇಕು. ಎರಡೇ ಹೋದರೆ ಆ ಚಕ್ರ ಕೊಡುವುದಿಲ್ಲ, ನೀವು ಕಾಲು ಹಿಡಿದುಕೊಂಡರೂ ಕೊಡುವುದಿಲ್ಲ. ಅವನು ಹೇಳುವುದೂ ಸರಿ. ನಮ್ಮ ಕಿರ್ಗಿಜ್ ಜನ ಖಾಲಿ ಕಾರು ಓಡಿಸಿದ್ದನ್ನು ಕಂಡವರು ಯಾರು? ಅತ್ತೆ, ಅತ್ತೆಯ ತಂಗಿ, ಎರಡು ಮೂಟೆ ಆಲೂಗಡ್ಡೆ, ಹಬ್ಬವಿದ್ದರೆ ಡಿಕ್ಕಿಯಲ್ಲಿ ಒಂದು ಜೀವಂತ ಕುರಿ. ಅದಕ್ಕೇ ನಾನು. ನನ್ನ ತೂಕವನ್ನೂ ಅವನು ನಂಬುವುದಿಲ್ಲ. ಪ್ರತಿ ವಸಂತದಲ್ಲಿ ಆಲೂಗಡ್ಡೆ ಮಂಡಿಯ ತಕ್ಕಡಿ ಮೇಲೆ ನಿಲ್ಲಿಸಿ ನೋಡುತ್ತಾನೆ. "ಮೂರು ಕಿಲೋ ಇಳಿದಿದ್ದೀಯ, ನನ್ನ ಲೆಕ್ಕ ಕೆಡಿಸ್ಬೇಡ" ಎಂದು ಒಂದು ಸಲ ಬೈದ. ನಾಚಿಕೆಯಿಲ್ಲದವನು.

ಅವನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು ಸೈಕಾಲ್, ಔಷಧಿ ಅಂಗಡಿಯಲ್ಲಿ ಕೆಲಸ. ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಅವಳಿಗೆ ನಾರಿನ್ ಕಡೆಯ ಹುಡುಗನೊಬ್ಬ ಗೊತ್ತಾದ. ಹೆಸರು ಜೆನಿಶ್, ಚಿನ್ನದ ಗಣಿಯ ಕಚೇರಿಯಲ್ಲಿ ಎಂಜಿನಿಯರ್ ಎಂದು ಅವಳೇ ಹೇಳಿದಳು. ಭಾನುವಾರ ಹುಡುಗನ ತಾಯಿ ಬಂದು ಸೈಕಾಲ್‌ಳ ಕಿವಿಗೆ ಓಲೆ ಹಾಕುವುದೆಂದು ನಿಶ್ಚಯವಾಯಿತು. ಓಲೆ ಬಿತ್ತೆಂದರೆ ಮಾತು ಮುಗಿದ ಹಾಗೆ. ಹುಡುಗನನ್ನು ಸಗಿನ್ ಇನ್ನೂ ಕಂಡಿರಲಿಲ್ಲ. ಆದರೆ ಮಗಳು ತಲೆ ತೊಳೆಯಲು ಹೋದಾಗ ಅವಳ ಫೋನ್ ತೆರೆದು ಫೋಟೊ ನೋಡಿದ್ದ. ಅದನ್ನು ನನ್ನ ಹತ್ತಿರ ಹೇಳುವಾಗಲೂ ದನಿ ತಗ್ಗಿಸಲಿಲ್ಲ. "ಹಲ್ಲು ತುಂಬಾ ಬೆಳ್ಳಗಿದೆ ಬಾತ್ಮಾ. ಯಾಕೆ ಅಷ್ಟು ಬೆಳ್ಳಗಿದೆ?"

ಬುಧವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಂದು ಕರಿ ಸೆಡಾನ್ ಬಂದು ನಿಂತಿತು. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ ಹುಡುಗ ಇಳಿದ. ಒಂದು ಹಿಂಚಕ್ರ ಸೀಳು ಬಿಟ್ಟಿದೆ, ನಾಲ್ಕೂ ಬದಲಿಸಬೇಕು ಎಂದ. ಸಗಿನ್ ಅವನ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದ. ನಾನು ತಂದೂರಿಗೆ ಸಂಸಾ ಅಂಟಿಸುತ್ತ ಇಬ್ಬರನ್ನೂ ನೋಡುತ್ತಿದ್ದೆ.

"ಎಷ್ಟು ಇಂಚು?"

"ಹದಿನೆಂಟು ಬಾಯ್ಕೆ. ಟೈರು ಸ್ವಲ್ಪ ದಪ್ಪಗಿರೋದು."

ನಮ್ಮಲ್ಲಿ ದೊಡ್ಡವರನ್ನು ಹಾಗೆ ಬಾಯ್ಕೆ ಎಂದೇ ಕರೆಯುವುದು. ಹುಡುಗನಲ್ಲಿ ಮರ್ಯಾದೆಗೆ ಕೊರತೆ ಇರಲಿಲ್ಲ. ಆದರೆ ಇಪ್ಪತ್ತಾರು ವರ್ಷದ ಹುಡುಗ, ಇಂಥ ಕಾರು, ತಾನಾಗಿಯೇ ಬಾಯಿಬಿಟ್ಟು ಚಿಕ್ಕ ಚಕ್ರ ಕೇಳುವುದೆಂದರೆ? ನನಗೇ ಅನುಮಾನ ಬಂತು. ಸಗಿನ್‌ನ ಅನುಮಾನ ಕೇಳಬೇಕೆ. ಅವನು ಕಾರಿನ ಸುತ್ತ ಒಂದು ಸುತ್ತು ಬಂದ. ಹಿಂಭಾಗ ಕುಗ್ಗಿ ಕುಗ್ಗಿ ಸ್ಪ್ರಿಂಗು ಸೋತಿತ್ತು. ಟೈರುಗಳ ಒಳಅಂಚು ಸವೆದಿತ್ತು. ಕಿಟಕಿಗೆ ಹಣೆಯಿಟ್ಟು ಒಳಗೆ ಇಣುಕಿದ. ಸೀಟಿನ ಕೆಳಗೆ ಮಗುವಿನ ಒಂದು ಬೂಟು, ಅಂಗೈಯಷ್ಟು ಪುಟ್ಟದು.

"ಎಲ್ಲಿ ಕೆಲಸ ತಮ್ಮಾ?"

"ಗಣಿ ಆಫೀಸಲ್ಲಿ."

"ಹಿಂದೆ ಯಾರು ಕೂರ್ತಾರೆ?"

ಹುಡುಗ ಟೋಪಿ ಸರಿಮಾಡಿಕೊಂಡ. "ಯಾರೂ ಕೂರಲ್ಲ ಬಾಯ್ಕೆ."

"ಹಾಗಾದ್ರೆ ನಿನಗೆ ಇಪ್ಪತ್ತೇ ಸರಿ" ಎಂದ ಸಗಿನ್. "ಖಾಲಿ ಕಾರಿಗೆ ಹದಿನೆಂಟು ಹಾಕಿದ್ರೆ ನೋಡಿದವರು ನಗ್ತಾರೆ. ನಿನ್ನ ಮಾವನಾಗೋರು ಏನಂತಾರೆ?"

ಹುಡುಗ ಕಾರಿನ ಕೀಲಿ ಕೊಟ್ಟ. ಯಾರೂ ಕೂರುವುದಿಲ್ಲ ಎಂದ ಮೇಲೆ ಹದಿನೆಂಟು ಯಾಕೆ ಬೇಕೆಂದು ಹೇಗೆ ಹೇಳುತ್ತಾನೆ? ಸಗಿನ್ ಜಾಕ್ ಇಟ್ಟ, ಅಗಲದ ಇಪ್ಪತ್ತು ಇಂಚಿನವನ್ನು ನಾಲ್ಕೂ ಕಡೆ ಬಿಗಿದ. ನನ್ನನ್ನು ಕೂಗುತ್ತಾನೆಂದು ನಾನು ಹಿಟ್ಟಿನ ಕೈ ಒರೆಸಿಕೊಂಡು ನಿಂತಿದ್ದೆ. ಕೂಗಲಿಲ್ಲ. ಬೋಲ್ಟಿನ ಚೀಲವನ್ನೂ ಮುಟ್ಟಲಿಲ್ಲ. ಕಾರು ಹೋಗಿಬಿಟ್ಟಿತು.

ನಾನು ಹೋಗಿ ಅವನ ಎದುರು ನಿಂತೆ. "ನನ್ನ ಯಾಕೆ ಕರೀಲಿಲ್ಲ?"

"ಅವನೇ ಕಣೆ ಜೆನಿಶ್" ಎಂದ ಸಗಿನ್. "ಹಿಂದೆ ಯಾರೂ ಕೂರಲ್ಲ ಅಂತಾನೆ, ಒಳಗೆ ಮಗೂದು ಬೂಟು ಬಿದ್ದಿದೆ. ಎಲ್ಲೋ ಹೆಂಡತಿ ಮಕ್ಕಳು ಇಟ್ಟಿದ್ದಾನೆ. ಅವನು ಹೇಳಿದ್ದು ನಿಜವಾದ್ರೆ ಆ ಚಕ್ರಕ್ಕೆ ಏನೂ ಆಗಲ್ಲ. ಸುಳ್ಳಾದ್ರೆ ಭಾರಕ್ಕೆ ಕುಗ್ಗಿ ಉಜ್ಜುತ್ತೆ. ಭಾನುವಾರ ಬರ್ತಾನಲ್ಲ, ಮಡ್‌ಗಾರ್ಡ್ ಒಳಗೆ ಕೈ ಹಾಕಿ ನೋಡ್ತೀನಿ."

ಇಷ್ಟು ವರ್ಷ ಅವನು ಎಲ್ಲರನ್ನೂ ಅನುಮಾನಿಸಿದ್ದ, ಆದರೆ ಯಾರಿಗೂ ತಪ್ಪು ಚಕ್ರ ಕೊಟ್ಟಿರಲಿಲ್ಲ. ಹಾಗೆಂದು ಅವನಿಗೆ ಹೇಳಿದೆ. "ನಿನ್ನ ತಂದೂರು ನೋಡ್ಕೋ ಹೋಗು, ಸಂಸಾ ಸೀಯ್ತಿದೆ" ಎಂದ. ಸೀಯುತ್ತಲೂ ಇತ್ತು.

ಹತ್ತು ಗಂಟೆಗೆ ಸೈಕಾಲ್ ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಅಪ್ಪನ ಹತ್ತಿರ ಓಡಿ ಬಂದಳು. "ಅತಾ, ಬೆಳಿಗ್ಗೆ ಒಬ್ಬನಿಗೆ ಇಪ್ಪತ್ತು ಇಂಚು ಹಾಕಿ ಕಳಿಸಿದ್ಯಾ? ಈಗ ತಾನೇ ಮೆಸೇಜ್ ಬಂತು."

"ಹಾಕಿದೆ. ಎಂಜಿನಿಯರ್ ಸಾಹೇಬರು ಖಾಲಿ ಕಾರಲ್ಲಿ ಓಡಾಡ್ತಾರಂತೆ."

"ಅವನು ನಾರಿನ್‌ಗೆ ಸೀಟು ಲೆಕ್ಕದಲ್ಲಿ ಜನ ಸಾಗಿಸ್ತಾನೆ ಅತಾ. ದಿನಾ ನಾಲ್ಕು ಜನ, ಅವರ ಮಕ್ಕಳು, ಡಿಕ್ಕಿ ತುಂಬಾ ಮೂಟೆ. ಈಗಾಗ್ಲೇ ಹೊರಟಾಗಿದೆ. ದೊಲೊನ್ ಘಾಟಿ ಹತ್ತಿ ಇಳೀಬೇಕು."

ಸಗಿನ್ ಮುಖದ ಬಣ್ಣ ಇಳಿಯಿತು. ನಾನು ಅವನನ್ನು ಹಾಗೆ ಕಂಡಿರಲಿಲ್ಲ. ಆ ಕಾರು ಭಾರ ಹೊತ್ತು ಇಳಿಜಾರಿನ ತಿರುವಿನಲ್ಲಿ ಕುಗ್ಗಿದರೆ ಟೈರಿನ ಅಂಚು ಮಡ್‌ಗಾರ್ಡಿಗೆ ಉಜ್ಜಿ ಉಜ್ಜಿ ಸಿಡಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ಮಾತಿಲ್ಲದೆ ಒಳಗಿಂದ ಹದಿನೆಂಟು ಇಂಚಿನ ನಾಲ್ಕು ಚಕ್ರ ಉರುಳಿಸಿಕೊಂಡು ಬಂದ. ಎರಡು ಅವನ ಹಳೆಯ ಕಾರಿನ ಡಿಕ್ಕಿಗೆ ಹೋದವು, ಎರಡು ಹಿಂದಿನ ಸೀಟಿಗೆ. ನಾನೂ ಹತ್ತಿ ಆ ಚಕ್ರಗಳ ಪಕ್ಕ ಕೂತೆ. ಅವನು ಬೇಡ ಎನ್ನಲಿಲ್ಲ. ತಂದೂರು ನೋಡಿಕೊಳ್ಳಲು ಪಕ್ಕದ ಟೈರಿನವನಿಗೆ ಹೇಳಿದೆ.

ಸೈಕಾಲ್ ಮುಂದೆ ಕೂತು ಒಂದೇ ಸಮನೆ ಫೋನ್ ಮಾಡುತ್ತಿದ್ದಳು. ಕಾರು ಓಡಿಸುವಾಗ ಆ ಹುಡುಗ ಫೋನ್ ಎತ್ತುವುದಿಲ್ಲವಂತೆ. ತೊಕ್ಮೊಕ್ ಪಟ್ಟಣ ದಾಟಿದೆವು.

"ಎಂಜಿನಿಯರ್ ಅಂತ ಸುಳ್ಳು ಹೇಳಿದನಲ್ಲ" ಎಂದ ಸಗಿನ್ ಕೊನೆಗೆ.

"ಅವನು ಹೇಳಿದ್ದಲ್ಲ, ನಾನು ಹೇಳಿಕೊಟ್ಟಿದ್ದು. ಡ್ರೈವರ್ ಅಂದಿದ್ರೆ ನೀನು ಅವನ ಹಿಂದೆ ಬೀಳ್ತಿದ್ದೆ. ಎಲ್ಲಿ ಉಣ್ತಾನೆ, ಯಾರ ಮನೇಲಿ ಮಲಗ್ತಾನೆ, ಎಲ್ಲಾ ಹುಡುಕ್ತಿದ್ದೆ." ಅವಳು ಥಟ್ಟನೆ ತಂದೆಯ ಕಡೆ ತಿರುಗಿದಳು. "ಅಂದ ಹಾಗೆ, ಅವನೇ ಅಂತ ನಿನಗೆ ಹೇಗೆ ಗೊತ್ತಾಯ್ತು? ನಾನು ಫೋಟೊ ತೋರಿಸಿಲ್ಲ."

ಸಗಿನ್ ರಸ್ತೆ ನೋಡುತ್ತಿದ್ದ. ಹಿಂದಿನಿಂದ ನಾನೇ ಹೇಳಿದೆ, "ನೀನು ತಲೆ ತೊಳೆಯೋವಾಗ ಫೋನ್ ತೆಗೆದು ನೋಡಿದ್ದಾನೆ." ನನಗೆ ಅಷ್ಟು ಸಿಟ್ಟು ಬಂದಿತ್ತು.

ಸೈಕಾಲ್ ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಕಿಟಕಿಯ ಕಡೆಗೆ ಮುಖ ಮಾಡಿ ಕೂತಳು.

"ನನ್ನ ಕಂಡ್ರೆ ಅಷ್ಟು ಭಯ ಇದ್ದೋಳು ಅವನನ್ನ ನನ್ನ ಅಂಗಡಿಗೇ ಯಾಕೆ ಕಳಿಸಿದೆ?" ಎಂದ ಸಗಿನ್.

"ಇಡೀ ಬಜಾರಲ್ಲಿ ತಪ್ಪು ಅಳತೆ ಕೊಡದವನು ನಮ್ಮಪ್ಪ ಒಬ್ಬನೇ ಅಂತ" ಎಂದಳು ಸೈಕಾಲ್. "ಹಿಂದೆ ಯಾರೂ ಕೂರಲ್ಲ ಅಂದ್ರೂ ಎಜೆಯನ್ನ ಕೂರಿಸಿ ನೋಡೇ ನೋಡ್ತಾನೆ, ಹೆದರ್ಬೇಡ ಹೋಗು ಅಂತ ನಾನೇ ಧೈರ್ಯ ಹೇಳಿದ್ದೆ."

ಎಜೆ ಎಂದರೆ ಅಕ್ಕ, ಅಂದರೆ ನಾನು. ಸಗಿನ್‌ನ ಕುತ್ತಿಗೆ ಹಿಂದಿನಿಂದ ನನಗೆ ಕಾಣುತ್ತಿತ್ತು. ಕೆಂಪಾಗಿತ್ತು. ಅಯ್ಯೋ ಪಾಪ ಎನಿಸಿತು, ಒಂದು ಗುದ್ದು ಕೊಡೋಣ ಎಂದೂ ಎನಿಸಿತು.

ಬೋಮ್ ಕಮರಿ ದಾಟಿದ ಮೇಲೆ ಹುಡುಗನೇ ಫೋನ್ ಮಾಡಿದ. ಕೊಚ್ಕೊರ್ ದಾಟಿದ ಮೇಲೆ ಹಿಂದೆ ರಬ್ಬರು ಸುಟ್ಟ ವಾಸನೆ ಬಂತಂತೆ. ಘಾಟಿ ಹತ್ತದೆ ಸಾರಿ-ಬುಲಾಕ್‌ನ ಊಟದಂಗಡಿಗಳ ಸಾಲಿನಲ್ಲಿ ನಿಲ್ಲಿಸಿದ್ದಾನಂತೆ. ಸೈಕಾಲ್ ಫೋನನ್ನು ಎದೆಗೆ ಒತ್ತಿಕೊಂಡು ಅತ್ತಳು. ಸಗಿನ್ ಗಾಡಿಯ ವೇಗ ತಗ್ಗಿಸಲಿಲ್ಲ.

ನಾವು ತಲುಪಿದಾಗ ಎರಡು ಗಂಟೆ. ಕರಿ ಸೆಡಾನ್‌ನ ಹಿಂದಿನ ಟೈರಿನ ಅಂಚಿನಿಂದ ಎಳೆ ಎಳೆಯಾಗಿ ತಂತಿ ಹೊರಬಂದಿತ್ತು. ಇನ್ನು ಹತ್ತು ತಿರುವು ಹೋಗಿದ್ದರೆ ಮುಗಿದೇ ಹೋಗುತ್ತಿತ್ತು. ಪಕ್ಕದಲ್ಲಿ ಪ್ರಯಾಣಿಕರು ನಿಂತಿದ್ದರು. ಮಗುವನ್ನು ಎತ್ತಿಕೊಂಡ ಗಂಡ ಹೆಂಡತಿ, ಒಬ್ಬ ವಿದ್ಯಾರ್ಥಿ, ತಲೆಗೆ ಬಿಳಿ ವಸ್ತ್ರ ಕಟ್ಟಿದ ಒಬ್ಬ ಮುದುಕಿ. ಮುದುಕಿ ಚಕ್ರ ಮಾರಿದವನ ಏಳು ತಲೆಮಾರನ್ನು ಬೈಯುತ್ತಿದ್ದಳು.

"ಅವರನ್ನ ಬೈಬೇಡಿ ಅಜ್ಜಿ" ಎಂದ ಜೆನಿಶ್, ನಾವು ಇಳಿಯುತ್ತಿರುವುದನ್ನು ನೋಡುತ್ತ. "ಹಿಂದೆ ಯಾರೂ ಕೂರಲ್ಲ ಅಂತ ನಾನೇ ಸುಳ್ಳು ಹೇಳಿದ್ದೆ. ನಾನು ಹೇಳಿದ್ದಕ್ಕೆ ತಕ್ಕ ಚಕ್ರ ಅವರು ಕೊಟ್ಟರು."

ಅಷ್ಟಕ್ಕೆ ಬಿಟ್ಟಿದ್ದರೆ ಸಗಿನ್ ಗೆದ್ದಿದ್ದ. ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ಒಂದು ಚಕ್ರವನ್ನು ಕೈಯಲ್ಲಿ ಹಿಡಿದು ನಿಂತಿದ್ದ, ಕೆಳಗಿಟ್ಟ.

"ನನಗೆ ಗೊತ್ತಿತ್ತು" ಎಂದ. "ನೀನು ಸುಳ್ಳು ಹೇಳ್ತಿದ್ದೀಯ ಅಂತ ಗೊತ್ತಿತ್ತು. ಭಾರ ಹಾಕಿದ್ರೆ ಇದು ಉಜ್ಜುತ್ತೆ ಅಂತಲೂ ಗೊತ್ತಿತ್ತು. ಗೊತ್ತಿದ್ದೇ ಹಾಕಿ ಕಳಿಸಿದೆ."

ಮಗುವಿನ ತಾಯಿ ಮಗುವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಮುದುಕಿ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು. "ನೀವಿಬ್ರೂ ಒಬ್ಬರಿಗೊಬ್ಬರು ಸುಳ್ಳಾಡ್ಕೊಂಡು, ನಡುವೆ ನಮ್ಮನ್ನ ಕೂರಿಸಿ ಘಾಟಿ ಹತ್ತಿಸ್ತಿದ್ರಾ?" ಎಂದಳು.

ಸಗಿನ್ ಮಣ್ಣಿನಲ್ಲಿ ಮಂಡಿಯೂರಿ ನಾಲ್ಕೂ ಚಕ್ರ ಬದಲಿಸಿದ. ಹುಡುಗ ಸಹಾಯಕ್ಕೆ ಬಂದರೂ ಸ್ಪ್ಯಾನರ್ ಕೊಡಲಿಲ್ಲ. ಎಲ್ಲರನ್ನೂ ಕಾರಿನೊಳಗೆ ಕೂರಿಸಿ, ಮೂಟೆ ತುಂಬಿಸಿ, ಬೆರಳು ಹಾಕಿ ನೋಡಿದ. ಎರಡು ಸಲ ನೋಡಿದ. ಎದ್ದು ನಿಂತಾಗ ಜೆನಿಶ್ ಅವನನ್ನು ಪಕ್ಕಕ್ಕೆ ಕರೆದ. ನಾನು ಕಿವಿ ಅಲ್ಲೇ ಇಟ್ಟಿದ್ದೆ.

"ಬಾಯ್ಕೆ, ಭಾನುವಾರ ಅಮ್ಮ ಬರ್ತಾರೆ. ಇದೆಲ್ಲ ಅವರಿಗೆ ಗೊತ್ತಾದ್ರೆ ಓಲೆ ವಾಪಸ್ ತಗೊಂಡು ಹೋಗ್ತಾರೆ. ನೀವು ಹೇಳ್ಬೇಡಿ. ನಾನೂ ಹೇಳಲ್ಲ."

ಸಗಿನ್ ಒಪ್ಪಿ ತಲೆಯಾಡಿಸಿದ. ಹುಡುಗನನ್ನು ತೂಗಿ ನೋಡಲು ಹೊರಟವನು ಈಗ ಹುಡುಗನ ಬಾಯಿಯನ್ನು ನಂಬಿಕೊಂಡು ಬದುಕಬೇಕಾಗಿತ್ತು. ಭಾನುವಾರ ಓಲೆ ಬಿತ್ತು, ಚಳಿಗಾಲಕ್ಕೆ ಮುಂಚೆ ಮದುವೆಯೂ ಆಯಿತು.

ಅಂದಿನಿಂದ ಅವನಿಗೆ ಒಂದೇ ಚಿಂತೆ: ಬೀಗತಿಗೆ ಗೊತ್ತಾಗಿದೆಯೋ ಇಲ್ಲವೋ. ನಮ್ಮಲ್ಲಿ ಬಟ್ಟಲು ತುಂಬ ಚಹಾ ಸುರಿದರೆ ಕುಡಿದು ಹೊರಡಿ ಎಂದರ್ಥ. ಬೇಕಾದವರಿಗೆ ಅರ್ಧವೇ ಸುರಿದು, ಮತ್ತೆ ಮತ್ತೆ ಸುರಿಯುತ್ತಾರೆ. ನಾರಿನ್‌ಗೆ ಹೋದಾಗಲೆಲ್ಲ ಸಗಿನ್ ತನ್ನ ಬಟ್ಟಲಿನೊಳಗೆ ಇಣುಕುತ್ತಾನೆ. "ಈ ಸಲ ಅರ್ಧಕ್ಕಿಂತ ಒಂದು ಬೆರಳು ಜಾಸ್ತಿ ಇತ್ತು ಬಾತ್ಮಾ. ಹುಡುಗ ಬಾಯಿಬಿಟ್ಟಿದ್ದಾನೆ" ಎಂದು ವಾಪಸು ಬಂದು ನನ್ನ ತಲೆ ತಿನ್ನುತ್ತಾನೆ.

ಹೋದ ತಿಂಗಳು ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಾನೂ ಹೋಗಿದ್ದೆ. ಅಡುಗೆಮನೆಯಲ್ಲಿ ಬೀಗತಿ ಹಿಟ್ಟು ಲಟ್ಟಿಸುತ್ತ ತಾನಾಗಿಯೇ ಮಾತು ತೆಗೆದಳು. "ಚಕ್ರದ ವಿಷಯ ನನಗೆ ಗೊತ್ತು. ಜೆನಿಶ್ ಆವತ್ತು ಸಂಜೆ ಬಾಗಿಲು ದಾಟಿದವನೇ ಎಲ್ಲಾ ಹೇಳಿಬಿಟ್ಟ. ನಾಲ್ಕು ರಾತ್ರಿ ನಿದ್ದೆ ಮಾಡಿಲ್ಲ ನಾನು. ಓಲೆ ಪೆಟ್ಟಿಗೆಗೆ ಹಾಕೋದು, ತೆಗೆಯೋದು. ಆಮೇಲೆ ಹುಡುಗಿ ಕಿವಿಗೆ ಹಾಕಿಬಿಡೋಣ ಅನ್ನಿಸ್ತು. ಅಷ್ಟು ದೂರ ಓಡಿಬಂದು ಊರವರ ಮುಂದೆ ತಪ್ಪು ಒಪ್ಪಿಕೊಂಡೋರ ಮಗಳು ತಾನೇ."

ಅವಳು ಕೈ ತೊಳೆದುಕೊಂಡು ಚಹಾದ ಕೆಟಲ್ ಹಿಡಿದು ಹಜಾರಕ್ಕೆ ಹೋದಳು. ನಾನೂ ಹಿಂದೆ ಹೋದೆ. ಸಗಿನ್‌ನ ಬಟ್ಟಲಿಗೆ ಅರ್ಧ ಸುರಿದಳು. ಅವನು ಅದನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ಎಷ್ಟಿದೆಯೆಂದು ನೋಡಿದ. ಆಮೇಲೆ, ಏನಾದರೂ ಗೊತ್ತಾಯಿತೇ ಎಂಬಂತೆ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಹೇಳಿದರೂ ಆ ಹೆಂಗಸು ತನ್ನನ್ನು ಕ್ಷಮಿಸಿದ್ದಾಳೆಂದು ಅವನು ನಂಬುವುದಿಲ್ಲ.