ಬ್ರಿಜೆಟ್‌ಗೆ ಕೆಂಪು ಹಸು

ಇಮೇಲ್ ಲಿಸ್ಟಿನವರೆಲ್ಲ ಕೇಳ್ರಪ್ಪಾ, ಇವತ್ತು ನನ್ನ ಹೊಟ್ಟೆ ಉರೀತಾ ಇದೆ.

ಇಲ್ಲಿ ಅಮೆರಿಕದ ಹರ್ನ್‌ಡನ್ ಊರಿನ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಮೋರೀನ್ ಬೆಳಿಗ್ಗೆ ಒಂದು ಫೋಟೋಕಾಪಿ ಹಿಡ್ಕೊಂಡು ಕುಣೀತಾ ಬಂದ್ಲು. ಐರ್ಲೆಂಡಿನಲ್ಲಿದ್ದ ಅವಳ ಮುತ್ತಾತನ ಅಪ್ಪ ಬರೆದ ಉಯಿಲಂತೆ. ಅದೊಂದು ಹಾಳೆಯಿಂದ ಏಳು ಮಕ್ಕಳ ಹೆಸರು, ಅಳಿಯಂದಿರ ಊರು ಎಲ್ಲಾ ಸಿಕ್ಕಿಬಿಟ್ಟಿದೆ. "ಮಗಳು ಬ್ರಿಜೆಟ್‌ಗೆ ಕೆಂಪು ಹಸು, ಅವಳು ಮಲಗೋ ಮಂಚ" ಅಂತ ಓದಿ, "ನಿಮ್ಮನೇಲೂ ಇರುತ್ತೆ, ಕೇಳು" ಅಂದ್ಲು.

ತಡೆಯೋಕಾಗ್ದೆ ಆಗ್ಲೇ ಮೈಸೂರಿಗೆ ಫೋನ್ ಮಾಡಿದೆ. "ಅಪ್ಪಾ, ನಮ್ಮನೇಲಿ ಉಯಿಲು ಏನಾದ್ರೂ ಇದ್ಯಾ?"

"ಬಿಡ್ತು ಅನ್ನು! ನಾನಿನ್ನೂ ಗಟ್ಟಿಯಾಗೇ ಇದೀನಿ!"

ಕೇಳಿದ್ದು ಮುತ್ತಾತನ ಉಯಿಲು ಅಂತ ಹೇಳೋಷ್ಟರಲ್ಲಿ ತಮ್ಮ ಫೋನ್ ಕಿತ್ಕೊಂಡ. "ಏನಕ್ಕಾ, ಮನೇಲಿ ಪಾಲು ಬೇಕಿತ್ತಾ? ನೇರವಾಗೇ ಕೇಳ್ಬೋದಿತ್ತಲ್ಲ."

"ಪಾಲು ಬೇಡ ಕಣೋ, ಹೆಸರು ಬೇಕು. ಮುತ್ತಾತನಿಗೆ ಹೆಣ್ಮಕ್ಕಳಿದ್ರಾ?"

ಅಪ್ಪನ್ನ ಕೇಳಿ ಬಂದು ಹೇಳಿದ: "ಇದ್ರಂತೆ. ಮೂರೋ ನಾಲ್ಕೋ."

ಮೋರೀನ್ ಮನೇಲಿ ಹಸುವಿನ ಬಣ್ಣವನ್ನೂ ಬರೆದಿಟ್ಟಿದ್ದಾರೆ. ನಮ್ಮನೇಲಿ ಹೆಣ್ಮಕ್ಕಳು ಮೂರೋ ನಾಲ್ಕೋ!