ಪೆಡಲ್ ಒತ್ತಿದ್ದು ನಾನು

ಕರ್ತನಲ್ಲಿ ಪ್ರಿಯರೇ, ನನ್ನ ಕೈಯಾರೆ ಅಲ್ಲ, ಕಾಲಾರೆ ಒಬ್ಬ ಸ್ನೇಹಿತನ ಬಲಗೈ ಕಳೆದವನು ನಾನು. ಅದನ್ನು ಮುಚ್ಚಿಟ್ಟು ಪ್ರಾರ್ಥಿಸಿದವನೂ ನಾನೇ.

ಎಂಬತ್ತರ ದಶಕದ ಆರಂಭ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನೂ ಮಾದನಾಯಕನಹಳ್ಳಿಯ ನಾಗರಾಜನೂ ತಗಡು ಒತ್ತಿ ಕತ್ತರಿಸುವ ಒಂದೇ ಪವರ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದೆವು. ತಗಡನ್ನು ಒಳಗಿಡುವುದು ಅವನ ಕೆಲಸ. ಅವನು ಹೂಂ ಎಂದ ಮೇಲೆ ಪೆಡಲ್ ಒತ್ತುವುದು ನನ್ನದು. ಒಂದು ಮಂಗಳವಾರ, ಊಟಕ್ಕೆ ಮುಂಚೆ, ಯಾರೋ ನನ್ನನ್ನು ಕರೆದರು. ತಿರುಗಿ ನೋಡುತ್ತಲೇ ಒತ್ತಿಬಿಟ್ಟೆ. ಅವನಿನ್ನೂ ಹೂಂ ಎಂದಿರಲಿಲ್ಲ, ಬಲಗೈ ಒಳಗೇ ಇತ್ತು.

ಮೇಲ್ವಿಚಾರಕರು ವಿಚಾರಿಸಿದಾಗ, ಅವನು ಹೂಂ ಎಂದು ಆಮೇಲೆ ಕೈ ಹಾಕಿದ ಎಂದೆ. ಅವರು ಹಾಗೆಯೇ ಬರೆದುಕೊಂಡರು. ತಪ್ಪು ಅವನದೇ ಎಂದಾದರೆ ಅವನಿಗೆ ಅಲ್ಲಿ ಮತ್ತೆ ಕೆಲಸವಿಲ್ಲವೆಂದು ನನಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಮೊದಲು ಮಣಿಕಟ್ಟಿನವರೆಗೆ ತೆಗೆದರು. ಗಾಯ ಕೀವಾಗಿ ಜ್ವರ ಏರಿದ ಮೇಲೆ ಮೊಣಕೈಯವರೆಗೂ ತೆಗೆದರು. ಜ್ವರ ಇಳಿಯಲಿಲ್ಲ. ಡಾಕ್ಟರು ಕೈಚೆಲ್ಲಿದರೆಂದು ಕಾರ್ಖಾನೆಯಲ್ಲಿ ಮಾತಾಡಿಕೊಂಡರು. ನಾನು ದಿನಾ ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ವಾರ್ಡಿನ ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದೆ.

ಭಾನುವಾರ ಸಭೆಯಲ್ಲಿ ಎದ್ದು ನಿಂತು ಅವನಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಿದೆ. ಎಂಥ ವಿಶ್ವಾಸ ಎಂದು ಹಿರಿಯರು ಬೆನ್ನು ತಟ್ಟಿದರು. ಆ ಪ್ರಾರ್ಥನೆಯ ಅಡಿಯಲ್ಲಿ ಇನ್ನೊಂದಿತ್ತು: ಅವನು ಬಾಯಿ ಬಿಡದಿರಲಿ ಎಂದು. ಸತ್ತವನು ಬಾಯಿ ಬಿಡುವುದಿಲ್ಲ ಎಂಬ ಯೋಚನೆಯೂ ಬಂದುಹೋಯಿತು. ಅದರ ನಂತರ ಮೊಣಕಾಲೂರಿದರೆ ಮಾತೇ ಹೊರಡದಾಯಿತು.

ಕೊನೆಗೊಂದು ಸಂಜೆ ಬಸ್ಸಿನ ಕಿಟಕಿಯ ಸರಳಿಗೆ ಹಣೆಯಾನಿಸಿ, "ಕರ್ತನೇ, ಅವನನ್ನು ಉಳಿಸು. ನನ್ನನ್ನು ಒಳಗೆ ಕರೆದುಕೊಂಡು ಹೋಗು" ಎಂದಷ್ಟೇ ಬೇಡಿದೆ.

ಅಂದು ಅವನ ಹೆಂಡತಿ ಜಯಮ್ಮ ವಾರ್ಡಿನ ಬಾಗಿಲಲ್ಲೇ ಸಿಕ್ಕಳು.

"ದಿನಾ ಬಂದು ವಾಪಸ್ ಓಯ್ತೀರಲ್ಲಣ್ಣ, ನಾನು ನೋಡಿವ್ನಿ. ಒಳಕ್ಕೆ ಬನ್ನಿ. ಅವ್ರು ನಿಮ್ಮನ್ನೇ ಕೇಳ್ತಾವ್ರೆ."

ನಾಗರಾಜನ ತುಟಿ ಒಣಗಿ ಬಿರಿದಿತ್ತು. ತಪ್ಪು ನನ್ನದು, ಸುಳ್ಳು ಹೇಳಿದ್ದೂ ನಾನೇ ಎಂದೆ. ಜಯಮ್ಮ ಗೋಡೆಯ ಕಡೆ ತಿರುಗಿ ಅಳತೊಡಗಿದಳು. ನಾಗರಾಜ ನನ್ನ ಕಡೆ ತಲೆ ಹೊರಳಿಸಿದ.

"ಗೊತ್ತು ಕಣ್ಲಾ ಸಾಮುವೇಲ. ಇವ್ಳಿಗೂ ಏಳಿರ್ಲಿಲ್ಲ. ನೀನೇ ಬಂದು ಏಳ್ತೀಯ ಅಂತ ನಂಬ್ಕೊಂಡಿದ್ದೆ."

ಆಮೇಲೆ ಎಡಗೈಯಿಂದ ನನ್ನ ಅಂಗಿ ಹಿಡಿದು, ನಿನ್ನ ದೇವರ ಹತ್ತಿರ ನನಗೋಸ್ಕರ ಕೇಳು ಎಂದ. ಆ ಹಾಸಿಗೆಯ ಪಕ್ಕ ಕುಳಿತು ಕೇಳಿದೆ.

ಮರುದಿನ ಮೇಲ್ವಿಚಾರಕರಿಗೆ ನಿಜ ಹೇಳಿ ಸಹಿ ಹಾಕಿದೆ. ಅಂದೇ ನನ್ನನ್ನು ಕೆಲಸದಿಂದ ತೆಗೆದರು. ಅದಾಗಿ ಎರಡು ದಿನಕ್ಕೆ ನಾಗರಾಜನ ಜ್ವರ ಇಳಿಯಿತು. ತಪ್ಪು ಅವನದಲ್ಲವೆಂದು ತಿಳಿದ ಮೇಲೆ, ಗಾಯ ಮಾಗುತ್ತಲೇ ಅದೇ ಕಾರ್ಖಾನೆಯ ಗೇಟಿನಲ್ಲಿ ಅವನಿಗೆ ಕೆಲಸ ಕೊಟ್ಟರು. ಜಯಮ್ಮ ಮಾತ್ರ ಮತ್ತೆ ನನ್ನೊಡನೆ ಮಾತಾಡಲಿಲ್ಲ. ಆಕೆಯ ಮೇಲೆ ನನಗೆ ಬೇಸರವಿಲ್ಲ.

ಕೇಳಿದ್ದು ಸಿಕ್ಕೇ ಸಿಗುತ್ತದೆಂಬ ಧೈರ್ಯಕ್ಕೆ ವಿಶ್ವಾಸ ಎಂಬ ಹೆಸರಿಟ್ಟುಕೊಂಡಿದ್ದೆ. ಯೇಸುಸ್ವಾಮಿಯ ಬಗ್ಗೆ ಏನೂ ತಿಳಿಯದ ಒಬ್ಬನು ಕೈ ಕಳೆದುಕೊಂಡು, ಅದಕ್ಕೆ ಕಾರಣನಾದವನ ದಾರಿ ಕಾಯುತ್ತ ಮಲಗಿದ್ದ. ನನ್ನ ಕರ್ತನೂ ನನಗಾಗಿ ಹೀಗೆಯೇ ಕಾದಿದ್ದಾನೆಂದು ಅಂದು ನಂಬಿದೆ, ಇಂದಿಗೂ ನಂಬಿದ್ದೇನೆ. ಆತನಿಗೆ ಸ್ತೋತ್ರವಾಗಲಿ.